ಅಬ್ಬರಕ್ಕೂ ಜಾಗ ಬೇಕು

ಜೋರಾಗಿ ಹಾಕಿ ಕೇಳಲು ಒಳ್ಳೆಯ ಹೆವಿ ರಾಕ್, ಮೆಟಲ್ ಆಲ್ಬಂ ಯಾವುದು ಎಂದು ಯಾರಾದರೂ ಕೇಳಿದರೆ, ಈ ಸಂಗೀತವೆಲ್ಲ ಜೋರಿನದ್ದೇ ಅಲ್ಲವೇ, ಯಾವುದನ್ನು ಹಾಕಿದರೇನು ಅನ್ನಿಸಬಹುದು. ಒಮ್ಮೆ ಪರೀಕ್ಷೆ ಮಾಡಿ ನೋಡಿ. ಒಂದು ಆಲ್ಬಂ ಹಾಕಿ ವಾಲ್ಯೂಮನ್ನು ಮೆಲ್ಲಗೆ ಏರಿಸುತ್ತ ಹೋಗಿ. ಕೆಲವು ಆಲ್ಬಂಗಳಲ್ಲಿ ಸದ್ದು ಏರಿದಂತೆಲ್ಲ ಕೋಣೆಯೇ ದೊಡ್ಡದಾದ ಹಾಗಾಗುತ್ತದೆ. ಡ್ರಮ್ ಎಲ್ಲಿದೆ, ಬೇಸ್ ಎಲ್ಲಿದೆ, ಯಾವ ಗಿಟಾರ್ ಯಾವ ಬದಿಗಿದೆ ಎಂದು ಬೆರಳಿಟ್ಟು ತೋರಿಸಬಹುದು. ಇನ್ನು ಕೆಲವದರಲ್ಲಿ ಐದೇ ನಿಮಿಷಕ್ಕೆ ತಲೆ ಸಿಡಿಯಲು ಶುರುವಾಗಿ, ಕೈ ತಾನಾಗಿಯೇ ವಾಲ್ಯೂಮ್ ಇಳಿಸಲು ಹೋಗುತ್ತದೆ. ಎರಡರಲ್ಲೂ ಗಿಟಾರ್ ಅಷ್ಟೇ ಒರಟು, ಹಾಡುಗಾರನ ಕಿರುಚಾಟವೂ ಅಷ್ಟೇ. ವ್ಯತ್ಯಾಸ ಇರುವುದು ಧ್ವನಿಮುದ್ರಣದಲ್ಲಿ. ಈ ಬರಹ ಆ ವ್ಯತ್ಯಾಸದ ಬಗ್ಗೆ, ಮತ್ತು ಮೊದಲನೇ ಗುಂಪಿಗೆ ಸೇರುವ ಎಂಟು ಆಲ್ಬಂಗಳ ಬಗ್ಗೆ.

ಜೋರು ಎರಡು ಬಗೆಯದು. ಒಂದು ಕೇಳುಗರ ಕೈಯಲ್ಲಿರುವುದು. ವಾಲ್ಯೂಮ್ ಗುಂಡಿ ತಿರುಗಿಸಿದರೆ ಬರುತ್ತದೆ. ಇನ್ನೊಂದು ಆಲ್ಬಂ ತಯಾರಾಗುವಾಗಲೇ ಅದರೊಳಗೆ ತುಂಬಿಟ್ಟದ್ದು. ಡಿಜಿಟಲ್ ಧ್ವನಿಮುದ್ರಣಕ್ಕೆ ಒಂದು ಸೂರು ಇದೆ, ಅದನ್ನು ದಾಟಿ ಸದ್ದು ಮೇಲೆ ಹೋಗುವ ಹಾಗಿಲ್ಲ. ಹಾಗಿದ್ದೂ ನಮ್ಮ ಆಲ್ಬಂ ಪಕ್ಕದವರದ್ದಕ್ಕಿಂತ ಜೋರಾಗಿ ಕೇಳಿಸಬೇಕೆಂದರೆ ಉಳಿಯುವ ದಾರಿ ಒಂದೇ. ಸೂರಿಗೆ ತಾಗುವ ಏಟುಗಳ ತಲೆ ಸವರಿ, ಕೆಳಗಿರುವ ಸದ್ದನ್ನೆಲ್ಲ ಮೇಲಕ್ಕೆ ಎತ್ತುವುದು. ಕಂಪ್ರೆಷನ್, ಲಿಮಿಟಿಂಗ್ ಎಂಬ ಹೆಸರಿನಲ್ಲಿ ಸ್ಟುಡಿಯೋಗಳು ಮಾಡುವುದು ಇದನ್ನೇ. ಹದದಲ್ಲಿದ್ದರೆ ಅದೊಂದು ಒಳ್ಳೆಯ ಉಪಕರಣ. ಅತಿಯಾದರೆ ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. 1990ರ ದಶಕದಲ್ಲಿ ಸಿಡಿಗಳ ಜೊತೆ ಬಿರುಸಾದ ಈ ಪೈಪೋಟಿಗೆ ‘ಲೌಡ್‌ನೆಸ್ ವಾರ್’ ಎಂಬ ಹೆಸರೇ ಬಿತ್ತು.

ಯಕ್ಷಗಾನ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮದ್ದಳೆ ಆಟದುದ್ದಕ್ಕೂ ಜೊತೆಗಿರುತ್ತದೆ, ಚಂಡೆ ಹೊತ್ತು ನೋಡಿ ಬರುತ್ತದೆ. ಯುದ್ಧಕ್ಕೆ, ರಾಕ್ಷಸ ವೇಷದ ಪ್ರವೇಶಕ್ಕೆ ಚಂಡೆ ಬಿದ್ದಾಗ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಅಲ್ಲಿಯವರೆಗೆ ಅದು ಸುಮ್ಮನಿದ್ದದ್ದೇ ಅದಕ್ಕೆ ಕಾರಣ. ಬೆಳತನಕ ಚಂಡೆಯನ್ನೇ ಬಡಿದರೆ ಶೃಂಗಾರ ಯಾವುದು, ವೀರ ಯಾವುದು? ಮೆಟಲ್ ಆಲ್ಬಂಗೂ ಇದೇ ನ್ಯಾಯ.

ಹಾಗಾದರೆ ಜೋರಾಗಿ ಕೇಳಲೇಬೇಕೆ? ಬೇಕು, ಅದಕ್ಕೆ ಕಿವಿಯ ಗುಣವೇ ಕಾರಣ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಂತೆ, ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು ತೀರಾ ಕಮ್ಮಿ ಕೇಳುತ್ತವೆ. ಸದ್ದು ಏರಿದ ಹಾಗೆ ಮಂದ್ರವೂ ಮೇಲೆದ್ದು ಮಿಕ್ಕದ್ದರ ಸಮಕ್ಕೆ ಬರುತ್ತದೆ. ಗಿಟಾರಿನ ಅತಿ ಮಂದ್ರ ತಂತಿ ಸುಮಾರು 82 ಹರ್ಟ್ಜ್, ಬೇಸ್ ಗಿಟಾರಿನದ್ದು 41. ಹೆವಿ ರಾಕ್‌ನ ಬುನಾದಿ ಇರುವುದೇ ಅಲ್ಲಿ. ಮೆಲ್ಲಗೆ ಹಾಕಿದರೆ ಆ ಬುನಾದಿ ಮಾಯವಾಗಿ, ಮೇಲಿನ ಕರಕರ ಮಾತ್ರ ಉಳಿಯುತ್ತದೆ. ಮೆಟಲ್ ಎಂದರೆ ಬರೀ ಗಲಾಟೆ ಎನ್ನುವವರಲ್ಲಿ ಹಲವರು ಅದನ್ನು ಕೇಳಿರುವುದು ಹೀಗೆ, ಪಕ್ಕದ ಸೀಟಿನವನ ಇಯರ್‌ಫೋನಿನಿಂದ ಸೋರುವ ಸದ್ದಿನಲ್ಲಿ.

ಪಟ್ಟಿಯ ಮೊದಲ ಆಲ್ಬಂ ಬ್ಲ್ಯಾಕ್ ಸಬ್ಬಾತ್ ತಂಡದ ‘ಮಾಸ್ಟರ್ ಆಫ್ ರಿಯಾಲಿಟಿ’, 1971ರದ್ದು. ಬರ್ಮಿಂಗ್‌ಹ್ಯಾಮಿನ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಐಯೊಮಿ ಹದಿಹರೆಯದಲ್ಲೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿ ಒತ್ತಬೇಕಾದ್ದು ಆ ಬಲಗೈ ಬೆರಳುಗಳೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ. ಈ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದ. ತಂತಿ ಸಡಿಲವಾಯಿತು, ಸ್ವರ ಭಾರವಾಯಿತು. ಆಮೇಲೆ ಬಂದ ಎಷ್ಟೋ ಮೆಟಲ್ ತಂಡಗಳು ಆ ಭಾರವನ್ನೇ ಬೆನ್ನುಹತ್ತಿ ಹೋದವು. ‘ಇನ್‌ಟು ದ ವಾಯ್ಡ್’ ಹಾಡನ್ನು ಜೋರಾಗಿ ಹಾಕಿ, ಗೀಜರ್ ಬಟ್ಲರನ ಬೇಸ್ ಮೇಲೆ ಗಮನ ಇಡಿ. ಗಿಟಾರ್ ಹೋದ ದಾರಿಯಲ್ಲೇ ಸ್ವಲ್ಪ ದೂರ ಹೋಗಿ ಹಾದಿ ಬಿಡುತ್ತದೆ, ಮತ್ತೆ ಬಂದು ಸೇರುತ್ತದೆ. ನುಡಿಸುವವರು ಮೂರೇ ಮಂದಿ ಆದ್ದರಿಂದ ಒಬ್ಬೊಬ್ಬರ ಸುತ್ತಲೂ ಬೇಕಾದಷ್ಟು ಜಾಗವಿದೆ.

ಅದೇ ವರ್ಷದ ನವೆಂಬರಿನಲ್ಲಿ ಬಂದದ್ದು ಲೆಡ್ ಜೆಪ್ಲಿನ್ ತಂಡದ ನಾಲ್ಕನೆಯ ಆಲ್ಬಂ. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಹಳೆಯ ದೊಡ್ಡ ಮನೆಯಿದೆ. 1795ರಲ್ಲಿ ನಿರ್ಗತಿಕರಿಗೆಂದು ಕಟ್ಟಿದ್ದು. ತಂಡ ಅಲ್ಲಿ ಬೀಡುಬಿಟ್ಟು ಆಲ್ಬಮ್ಮಿನ ಬಹುಭಾಗವನ್ನು ಮುದ್ರಿಸಿತು. ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿಗೆ ಜಾನ್ ಬಾನಮ್‌ನ ಡ್ರಮ್ಮನ್ನು ಮೆಟ್ಟಿಲಿನ ಬುಡದಲ್ಲಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನಿಂದ ಮೈಕ್ ಇಳಿಬಿಟ್ಟ. ಏಟು ಬಿದ್ದರೆ ಸದ್ದು ಮೆಟ್ಟಿಲ ಬಾವಿಯುದ್ದಕ್ಕೂ ಹತ್ತಿ, ಗೋಡೆಗೆ ಬಡಿದು, ಮೈಕಿಗೆ ಬರುತ್ತಿತ್ತು. ನಮಗೆ ಕೇಳಿಸುವುದು ಡ್ರಮ್ಮಿನಷ್ಟೇ ಆ ಮನೆಯೂ ಹೌದು. ಇಲ್ಲಿಯೂ ಕಂಪ್ರೆಷನ್ ಧಾರಾಳವಾಗಿಯೇ ಇದೆ, ಆದರೆ ಅದು ಎರಡು ಏಟುಗಳ ನಡುವೆ ಮನೆಯ ಉಸಿರನ್ನು ಹೊರಗೆಳೆಯುವ ಕೆಲಸ ಮಾಡುತ್ತದೆ. ಮೂಲ ಹಾಡು 1929ರದ್ದು, ಕಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನಿ 1927ರ ಮಿಸಿಸಿಪಿ ನೆರೆಯ ಬಗ್ಗೆ ಹಾಡಿದ್ದು. ಒಡ್ಡು ಒಡೆದು ನೀರು ನುಗ್ಗುವ ಭಯವನ್ನು ಲೆಡ್ ಜೆಪ್ಲಿನ್ ಮಾತಿನಲ್ಲಿ ಹೇಳುವುದಕ್ಕಿಂತ ಹೆಚ್ಚಾಗಿ ಆ ಡ್ರಮ್ಮಿನಲ್ಲಿ ಹೇಳಿತು ಎಂದೇ ನನ್ನ ಭಾವನೆ. ಸಣ್ಣ ಸದ್ದಿನಲ್ಲಿ ಆ ಭಯ ಹುಟ್ಟುವುದಿಲ್ಲ.

ಒಂದೇ ಒಂದು ಆಲ್ಬಂ ಹೇಳು ಎಂದರೆ ನಾನು ಹೇಳುವುದು ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’. 1980ರ ಫೆಬ್ರವರಿಯಲ್ಲಿ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ. ಬ್ರಯನ್ ಜಾನ್ಸನ್‌ನನ್ನು ಕರೆತಂದು, ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಮುದ್ರಿಸಿ, ಜುಲೈ ಕೊನೆಗೆ ಆಲ್ಬಂ ಹೊರತಂದರು. ರಕ್ಷಾಪುಟ ಪೂರ್ತಿ ಕಪ್ಪು, ಸೂತಕದ ಬಣ್ಣ. ಮೊದಲು ಕೇಳುವುದು ಗಂಟೆ. ಆಮೇಲೆ ಒಂದು ಗಿಟಾರ್, ಆಮೇಲೆ ಡ್ರಮ್, ಅವಸರವೇ ಇಲ್ಲ. ನಿರ್ಮಾಪಕ ಮಟ್ ಲ್ಯಾಂಗ್ ಇಲ್ಲಿ ಮಾಡಿದ ದೊಡ್ಡ ಕೆಲಸ ತುಂಬುವುದಲ್ಲ, ಬಿಡುವುದು. ಶೀರ್ಷಿಕೆ ಹಾಡಿನ ರಿಫ್, ಎಂದರೆ ಮತ್ತೆ ಮತ್ತೆ ಬರುವ ಆ ಗಿಟಾರ್ ಸಾಲು, ಮೂರು ಸಲ ಬಾರಿಸಿ ನಿಲ್ಲುತ್ತದೆ. ನಿಂತಾಗ ನಿಜಕ್ಕೂ ನಿಲ್ಲುತ್ತದೆ. ಆ ಖಾಲಿಯಲ್ಲಿ ಫಿಲ್ ರಡ್‌ನ ಡ್ರಮ್ ಒಂದೇ ನಡೆಯುತ್ತಿರುತ್ತದೆ. ವಾಲ್ಯೂಮ್ ಎಷ್ಟು ಏರಿಸಿದರೂ ಈ ಆಲ್ಬಂ ಕಿವಿಗೆ ದಣಿವು ಕೊಡದಿರುವುದಕ್ಕೆ ಆ ಖಾಲಿಯೇ ಕಾರಣ.

ಜಾಗ ಎಂದರೆ ನಿಧಾನ, ಮಾರ್ದನಿ ಎಂದುಕೊಂಡರೆ ಅದಕ್ಕೆ ಉತ್ತರ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’, 1986. ಹತ್ತು ಹಾಡು, 29 ನಿಮಿಷ, ಉಸಿರು ಬಿಡಲು ಪುರುಸೊತ್ತಿಲ್ಲದ ವೇಗ. ಆ ಕಾಲದ ಮೆಟಲ್ ಆಲ್ಬಂಗಳ ಮೇಲೆ ಬಾವಿಯೊಳಗಿನ ಮಾರ್ದನಿಯಂಥದ್ದನ್ನು ಸುರಿಯುವ ರೂಢಿಯಿತ್ತು. ನಿರ್ಮಾಪಕ ರಿಕ್ ರೂಬಿನ್, ಎಂಜಿನಿಯರ್ ಆಂಡಿ ವ್ಯಾಲೆಸ್ ಅದನ್ನು ಒರೆಸಿಹಾಕಿದರು. ಸದ್ದು ಒಣಗಿ ಗರಿಗರಿಯಾಯಿತು. ಒಂದೊಂದು ಏಟೂ ಬಿದ್ದು, ಕೂಡಲೇ ಮುಗಿದು, ಮುಂದಿನದಕ್ಕೆ ದಾರಿ ಬಿಡುತ್ತದೆ. ಆದ್ದರಿಂದಲೇ ಈ ವೇಗದಲ್ಲೂ ಡೇವ್ ಲೊಂಬಾರ್ಡೋನ ಡ್ರಮ್ಮಿನ ಲೆಕ್ಕ ತಪ್ಪುವುದಿಲ್ಲ. ನಾಜಿ ವೈದ್ಯ ಮೆಂಗೆಲೆಯ ಕ್ರೌರ್ಯವನ್ನು ವಿವರಿಸುವ ಮೊದಲ ಹಾಡಿನಿಂದಾಗಿ ಕೊಲಂಬಿಯಾ ಕಂಪನಿ ಈ ಆಲ್ಬಮ್ಮನ್ನು ಹಂಚಲು ಒಪ್ಪಲಿಲ್ಲ. ಆ ಹಾಡು ವರದಿ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಆ ಬಗ್ಗೆ ನನಗೆ ಇಂದಿಗೂ ಕಸಿವಿಸಿಯಿದೆ. ಸದ್ದಿನ ಬಗ್ಗೆ ಮಾತ್ರ ಎರಡು ಮಾತಿಲ್ಲ.

ಸದ್ದು ಹಾಡನ್ನು ಹೇಗೆ ಉಳಿಸುತ್ತದೆ, ಹೇಗೆ ಕೆಡಿಸುತ್ತದೆ ಎಂದು ತಿಳಿಯಲು ಒಂದೇ ತಂಡ ಸಾಕು, ಮೆಟಾಲಿಕಾ. 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಹೆಚ್ಚುಕಮ್ಮಿ ಕೇಳುವುದೇ ಇಲ್ಲ. ಬಸ್ ಅಪಘಾತದಲ್ಲಿ ತೀರಿಕೊಂಡ ಕ್ಲಿಫ್ ಬರ್ಟನ್‌ನ ಜಾಗಕ್ಕೆ ಬಂದಿದ್ದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದನ್ನು ಮಿಕ್ಸಿಂಗ್‌ನಲ್ಲಿ ಹೂತುಬಿಟ್ಟಿದ್ದರು. ಹಾಡುಗಳು ಅದ್ಭುತ, ಆದರೆ ಜೋರಾಗಿ ಹಾಕಿದರೆ ಬುನಾದಿಯಿಲ್ಲದ ಕಟ್ಟಡ. 1991ರಲ್ಲಿ ಬಾಬ್ ರಾಕ್ ಎಂಬ ನಿರ್ಮಾಪಕನ ಜೊತೆ ಬಂದ, ತಂಡದ ಹೆಸರನ್ನೇ ಹೊತ್ತ ಕಪ್ಪು ರಕ್ಷಾಪುಟದ ಆಲ್ಬಮ್ಮಿನಲ್ಲಿ ಆ ಕೊರತೆ ತುಂಬಿತು. ‘ಸ್ಯಾಡ್ ಬಟ್ ಟ್ರೂ’ ಹಾಡಿನ ಬೇಸ್ ಮತ್ತು ಡ್ರಮ್ ಸೇರಿ ಬೀಳುವ ಏಟು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಹಳೆಯ ಅಭಿಮಾನಿಗಳು ತಂಡ ಮಾರಾಟಕ್ಕೆ ನಿಂತಿತು ಎಂದರು. ಹಾಡು ಬರೆಯುವ ದೃಷ್ಟಿಯಿಂದ ಅದರಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಆದರೆ ಇದು ನಮ್ಮ ಪಟ್ಟಿಯ ಐದನೆಯ ಆಲ್ಬಂ, ಹಿಂದಿನದ್ದಲ್ಲ.

ಮೂರನೆಯ ಪಾಠ 2008ರ ‘ಡೆತ್ ಮ್ಯಾಗ್ನೆಟಿಕ್’. ವರ್ಷಗಳ ನಂತರ ತಂಡ ಹಳೆಯ ಹುರುಪಿನಲ್ಲಿ ಬರೆದ ಹಾಡುಗಳು, ಮತ್ತು ಲೌಡ್‌ನೆಸ್ ವಾರ್‌ನ ಅತ್ಯಂತ ಕುಖ್ಯಾತ ಉದಾಹರಣೆ. ಸ್ನೇರ್ ಡ್ರಮ್ಮಿನ ಏಟು ಬಿದ್ದಾಗಲೆಲ್ಲ ಸದ್ದು ಸೂರಿಗೆ ಬಡಿದು ಚರಚರ ಒಡೆಯುತ್ತದೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮಿನಲ್ಲೂ ಬಂದವು. ಅಲ್ಲಿ ಈ ಹಿಂಡಾಟ ಇರಲಿಲ್ಲವಾದ್ದರಿಂದ ಸದ್ದು ಸ್ವಚ್ಛವಾಗಿತ್ತು. ಎರಡನ್ನೂ ಹೋಲಿಸಿ ನೋಡಿದ ಸಾವಿರಾರು ಅಭಿಮಾನಿಗಳು ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಮನವಿಗೆ ಸಹಿ ಹಾಕಿದರು. ದುಡ್ಡು ಕೊಟ್ಟು ಕೊಂಡ ಸಿಡಿಗಿಂತ ಮಕ್ಕಳ ಆಟದ ಸದ್ದು ಮೇಲು ಎಂಬ ಪರಿಸ್ಥಿತಿ! ಇದರ ನಿರ್ಮಾಪಕ ಯಾರು? ಇಪ್ಪತ್ತೆರಡು ವರ್ಷದ ಹಿಂದೆ ಸ್ಲೇಯರ್‌ಗೆ ಗಾಳಿ ಬಿಡಿಸಿಕೊಟ್ಟ ಅದೇ ರಿಕ್ ರೂಬಿನ್. ಒಬ್ಬನೇ ಮನುಷ್ಯ ಎರಡನ್ನೂ ಮಾಡಬಲ್ಲ ಎಂದರೆ, ಇದನ್ನು ಬರೀ ಅರಿವಿನ ಕೊರತೆ ಎಂದು ತಳ್ಳಿಹಾಕುವಂತಿಲ್ಲ. ಎಲ್ಲರೂ ಕೂಗುತ್ತಿರುವಾಗ ನಾವೂ ಕೂಗದಿದ್ದರೆ ಯಾರಿಗೂ ಕೇಳಿಸುವುದಿಲ್ಲ ಎಂಬ ಅಂಜಿಕೆ ಇಡೀ ಉದ್ಯಮವನ್ನೇ ಹಿಡಿದಿತ್ತು.

ಅಂಜದವರೂ ಇದ್ದರು. 1992ರ ‘ರೇಜ್ ಅಗೇನ್ಸ್ಟ್ ದ ಮಷಿನ್’ ಮಿಕ್ಸ್ ಮಾಡಿದ್ದು, ಸ್ಲೇಯರ್ ಆಲ್ಬಮ್ಮಿನ ಎಂಜಿನಿಯರ್ ಆಗಿದ್ದ ಆಂಡಿ ವ್ಯಾಲೆಸ್. 1963ರಲ್ಲಿ ಸೈಗಾನಿನ ರಸ್ತೆಯಲ್ಲಿ ಬೆಂಕಿ ಹಚ್ಚಿಕೊಂಡು ಅಲುಗದೆ ಕುಳಿತ ಬೌದ್ಧ ಭಿಕ್ಷುವಿನ ಚಿತ್ರ ಅದರ ಮುಖಪುಟ. ಈ ತಂಡದ ಸಿಟ್ಟಿನಲ್ಲೂ ಆ ಹಿಡಿತವಿದೆ. ಟಾಮ್ ಮೊರೆಲೋನ ಗಿಟಾರ್ ಡಿಜೆಯ ತಟ್ಟೆಯಂತೆ ಉಜ್ಜುತ್ತದೆ, ಸೈರನ್ನಿನಂತೆ ಕೂಗುತ್ತದೆ. ಕೀಬೋರ್ಡ್, ಸಿಂಥೆಸೈಜರ್ ಯಾವುದನ್ನೂ ಬಳಸಿಲ್ಲವೆಂದು ಆಲ್ಬಮ್ಮಿನ ಒಳಪುಟದಲ್ಲೇ ಬರೆದುಕೊಂಡಿದ್ದಾರೆ. ಸ್ಪೀಕರ್ ಕೊಳ್ಳುವವರು ಅಂಗಡಿಯಲ್ಲಿ ಹಾಕಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯದು ಕಡಿಮೆ. ಮೆಲ್ಲಗೆ ಶುರುವಾಗಿ, ತಡೆದು ತಡೆದು, ಕೊನೆಗೆ ಒಮ್ಮೆಲೇ ಬಿಡುವ ಹಾಡುಗಳು ಇವು. ತಡೆದಷ್ಟು ಹೊತ್ತು ನಮ್ಮನ್ನೂ ತುದಿಗಾಲಲ್ಲಿ ನಿಲ್ಲಿಸುತ್ತವೆ.

ಕಯಸ್ ತಂಡದ ‘ವೆಲ್‌ಕಮ್ ಟು ಸ್ಕೈ ವ್ಯಾಲಿ’ 1994ರದ್ದು. ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಊರಿನ ಈ ಹುಡುಗರು ಮರುಭೂಮಿಗೆ ಜನರೇಟರ್ ಹೊತ್ತೊಯ್ದು ಬಯಲಲ್ಲೇ ನುಡಿಸಿ ಬೆಳೆದವರು. ಅಲ್ಲಿ ಗೋಡೆಯಿಲ್ಲ, ನೆರೆಯವರಿಲ್ಲ. ಜಾಶ್ ಹೋಮಿ ತನ್ನ ಗಿಟಾರನ್ನು ಬೇಸ್ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸುತ್ತಿದ್ದ. ಸದ್ದು ಚೂಪಾಗುವ ಬದಲು ಬಿಸಿಗಾಳಿಯಂತೆ ದಪ್ಪವಾಗಿ ಬರುತ್ತದೆ. ಸಿಡಿಯಲ್ಲಿ ಹಾಡುಗಳನ್ನು ಬಿಡಿಬಿಡಿಯಾಗಿ ಕೊಡದೆ ಮೂರು ಉದ್ದ ಭಾಗಗಳಾಗಿ ಜೋಡಿಸಿದ್ದರು, ಹಾರಿಸಿ ಕೇಳುವವರಿಗೆ ಅನುಕೂಲ ಮಾಡಿಕೊಡುವ ಉದ್ದೇಶವೇ ಇರಲಿಲ್ಲ.

ಎಂಟನೆಯದು ಸ್ವೀಡನ್ನಿನ ಓಪೆತ್ ತಂಡದ ‘ಬ್ಲ್ಯಾಕ್‌ವಾಟರ್ ಪಾರ್ಕ್’, 2001. ಪಾರ್ಕುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್ ಇದರ ನಿರ್ಮಾಣದಲ್ಲಿ ಕೈಜೋಡಿಸಿದ. ಇಲ್ಲಿ ಮೀಕಾಯೆಲ್ ಓಕರ್‌ಫೆಲ್ಟ್ ಒಂದು ಸಾಲನ್ನು ಹೊಟ್ಟೆಯಾಳದಿಂದ ಗುಡುಗಿ, ಮುಂದಿನದನ್ನು ಲಾಲಿಯಂತೆ ಹಾಡುತ್ತಾನೆ. ಹತ್ತು ನಿಮಿಷ ಮೀರುವ ‘ದ ಡ್ರೇಪರಿ ಫಾಲ್ಸ್’ನಲ್ಲಿ ಮಂಜು ಕವಿದ ಕಾಡು ಸರಿದು ಬಂಡೆ ಎದುರಾದ ಹಾಗೆ ಒಂದು ಇನ್ನೊಂದಾಗುತ್ತದೆ. ಚೆನ್ನೈ ಓದುಗರಲ್ಲಿ ಕೆಲವರು 2009ರಲ್ಲಿ ಐಐಟಿ ಮದ್ರಾಸಿನ ‘ಸಾರಂಗ್’ ಉತ್ಸವದಲ್ಲಿ ಈ ತಂಡವನ್ನು ಕಣ್ಣಾರೆ ಕಂಡಿರಬಹುದು. ಬೆಂಗಳೂರಿನ ಅರಮನೆ ಮೈದಾನ ಕಂಡವರಿಗೆ 2007ರ ಐರನ್ ಮೇಡನ್, 2011ರ ಮೆಟಾಲಿಕಾ ನೆನಪಿದ್ದೀತು. ಮೆಟಾಲಿಕಾದ ಗುರ್‌ಗಾಂವ್ ಕಾರ್ಯಕ್ರಮ ರದ್ದಾಗಿ, ದಿಲ್ಲಿಯ ಕಡೆಯವರು ಕೈ ಹಿಸುಕಿಕೊಂಡದ್ದೂ ಅದೇ ವಾರ.

ಇದಕ್ಕೆಲ್ಲ ಒಂದು ಆಕ್ಷೇಪ ಇದೆ, ನ್ಯಾಯವಾದದ್ದೇ. ರಾಕ್ ಸಂಗೀತಕ್ಕೆ ಇಷ್ಟೊಂದು ಶುದ್ಧಿ ಯಾಕೆ, ಒಡೆದ ಸದ್ದೇ ಅದರ ಜೀವ ಅಲ್ಲವೇ? ದ ಸ್ಟೂಜಸ್ ತಂಡದ ‘ರಾ ಪವರ್’ 1973ರಲ್ಲಿ ಡೇವಿಡ್ ಬೋಯಿಯ ಮಿಕ್ಸಿಂಗ್‌ನಲ್ಲಿ ಬಂತು. 1997ರಲ್ಲಿ ಇಗ್ಗಿ ಪಾಪ್ ಅದನ್ನು ಮತ್ತೆ ಮಿಕ್ಸ್ ಮಾಡಿ, ಎಲ್ಲವನ್ನೂ ಬೇಕೆಂದೇ ಸೂರಿಗೆ ಒತ್ತಿದ. ಅದನ್ನೇ ಮೆಚ್ಚುವವರಿದ್ದಾರೆ. ನಾನೂ ಆಗೊಮ್ಮೆ ಈಗೊಮ್ಮೆ ಕೇಳುತ್ತೇನೆ. ಅಲ್ಲಿ ಒಡೆಯುವುದು ಹಾಡಿನ ಸ್ವಭಾವಕ್ಕೆ ಹೊಂದುತ್ತದೆ, ಒಡೆಯಬೇಕೆಂದು ಹಾಡಿದವನೇ ತೀರ್ಮಾನಿಸಿದ್ದಾನೆ. ಎಲ್ಲರೂ ಮಾಡುತ್ತಾರೆಂದು ಒಡೆಯುವುದು ಬೇರೆ. ಈಗಂತೂ ಆ ಪೈಪೋಟಿಗೆ ಅರ್ಥವೂ ಉಳಿದಿಲ್ಲ. ಸ್ಪಾಟಿಫೈ, ಯೂಟ್ಯೂಬ್‌ನಂಥ ಸೇವೆಗಳು ಅತಿ ಜೋರಿನ ಹಾಡನ್ನು ತಾವೇ ತಗ್ಗಿಸಿ ಸಮ ಮಾಡುತ್ತವೆ. ಹಿಂಡಿದ ಹಾಡು ಅಲ್ಲಿ ಗೆಲ್ಲುವುದಿಲ್ಲ, ಏಟು ಕಳೆದುಕೊಂಡು ಚಪ್ಪಟೆಯಾಗಿ ಕೇಳುತ್ತದೆ ಅಷ್ಟೇ. ಹಳೆಯ ಆಲ್ಬಮ್ಮಿಗೆ ‘ರೀಮಾಸ್ಟರ್ಡ್’ ಎಂಬ ಚೀಟಿ ಕಂಡರೆ ಹಿಗ್ಗುವ ಮುಂಚೆ ಹಳೆಯ ಆವೃತ್ತಿಯನ್ನೂ ಒಮ್ಮೆ ಕೇಳಿ. ಎಷ್ಟೋ ಸಲ ಹೊಸದರಲ್ಲಿ ಹೆಚ್ಚಿರುವುದು ಜೋರು ಮಾತ್ರ.

ಜೋರಾಗಿ ಹಾಕುವುದಾದರೂ ಎಲ್ಲಿ? ಮುಂಬಯಿ, ಪುಣೆಗಳ ಬಾಡಿಗೆ ಮನೆಯಲ್ಲಿ, ಪಕ್ಕದ ಮನೆಯ ಕುಕ್ಕರ್ ಸೀಟಿ ಎಣಿಸಬಹುದಾದ ಗೋಡೆಯ ಈಚೆ? ಅಂಗೈಯಗಲದ ಬ್ಲೂಟೂತ್ ಸ್ಪೀಕರ್ 41 ಹರ್ಟ್ಜ್ ಸ್ವರವನ್ನು ಹೊರಡಿಸಲಾರದು, ಅದನ್ನು ಎಷ್ಟು ಏರಿಸಿದರೂ ಕರಕರವೇ ಹೆಚ್ಚುವುದು. ಕಿವಿ ತುಂಬ ಮುಚ್ಚುವ ಒಳ್ಳೆಯ ಹೆಡ್‌ಫೋನ್ ನಮ್ಮಂಥವರಿಗೆ ವಾಸಿ. ಆದರೆ ಲೆಕ್ಕ ಇಟ್ಟುಕೊಳ್ಳಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ ದಿನಕ್ಕೆ 85 ಡೆಸಿಬೆಲ್ ಆದರೆ ಎಂಟು ಗಂಟೆ, ಮೇಲೆ ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಕಾಲು ಗಂಟೆ. ಆ ಮಟ್ಟದಲ್ಲಿ ‘ರೇನ್ ಇನ್ ಬ್ಲಡ್’ ಒಂದು ಸಲ ಪೂರ್ತಿ ಕೇಳಿದರೆ ಎರಡು ದಿನದ ಪಾಲು ಮುಗಿಯುತ್ತದೆ. ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಒಳ್ಳೆಯ ಧ್ವನಿಮುದ್ರಣದ ಇನ್ನೊಂದು ಉಪಕಾರ ಇದು. ಏಟಿಗೆ ಏಟಿನ ಎತ್ತರ ಇರುವುದರಿಂದ, ಒಟ್ಟು ಸದ್ದು ಕಡಿಮೆ ಇದ್ದರೂ ಜೋರಿನ ಸುಖ ಸಿಗುತ್ತದೆ.

ನಾವು ಈ ನಗರಗಳಲ್ಲಿ ದನಿ ತಗ್ಗಿಸಿ ಬದುಕುವವರು. ಲಿಫ್ಟಿನಲ್ಲಿ ಊರಿನಿಂದ ಫೋನ್ ಬಂದರೆ ಕನ್ನಡವನ್ನು ಸಣ್ಣದನಿಯಲ್ಲಿ ಮಾತಾಡಿ ಮುಗಿಸುತ್ತೇವೆ. ಹೊರಗೆ ನೋಡಿದರೆ ಹಾರ್ನು, ಮೆರವಣಿಗೆಯ ಸ್ಪೀಕರ್ ಗೋಡೆ, ಟೀವಿಯ ಚರ್ಚೆ, ಎಲ್ಲ ಸೂರಿಗೆ ಒತ್ತಿದ ಸದ್ದು. ಜೋರು ಎಂದರೆ ಪಕ್ಕದವನನ್ನು ಅಡಗಿಸುವುದು ಎಂದು ಆ ಬೀದಿ ದಿನವೂ ಪಾಠ ಹೇಳುತ್ತದೆ. ಈ ಎಂಟು ಆಲ್ಬಂಗಳಲ್ಲಿ ಸಿಟ್ಟು, ಸೂತಕ, ಭಯ ಏನೂ ಕಡಿಮೆಯಿಲ್ಲ. ಹಾಗಿದ್ದೂ ಗಿಟಾರ್ ಬೇಸನ್ನು ಅಡಗಿಸುವುದಿಲ್ಲ, ಡ್ರಮ್ ಮಾತನ್ನು ನುಂಗುವುದಿಲ್ಲ. ನಾನು ಈ ಸಂಗೀತವನ್ನು ಬಿಡದಿರುವುದು ಅದಕ್ಕಾಗಿ.

ಎಲ್ಲಿಂದ ಶುರು ಮಾಡುವುದು ಎಂದರೆ, ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಕಿ. ಗಂಟೆ ಹೊಡೆಯುವಾಗ ವಾಲ್ಯೂಮ್ ಹೊಂದಿಸಿಕೊಳ್ಳಿ, ಡ್ರಮ್ ಬಂದ ಮೇಲೆ ಮುಟ್ಟಬೇಡಿ. ಅದು ಹಿಡಿಸಿದರೆ ಲೆಡ್ ಜೆಪ್ಲಿನ್ನಿನ ಆ ಮೆಟ್ಟಿಲ ಬುಡದ ಡ್ರಮ್, ಆಮೇಲೆ ಸಬ್ಬಾತ್. ಸ್ಲೇಯರ್ ಕೊನೆಗಿರಲಿ, ಅದೂ ಶನಿವಾರ ಮಧ್ಯಾಹ್ನ, ಮೇಲ್ಮನೆಯವರು ಊರಿಗೆ ಹೋದಾಗ.